ಸ್ತನಾರ್ಬುದದ ಇತಿಹಾಸದಲ್ಲಿ ಲಜ್ಜೆಯೂ ವಿಳಂಬವೂ

ರೋಗಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ವೈದ್ಯಗ್ರಂಥಗಳನ್ನೇ ಆಧಾರವಾಗಿ ಹಿಡಿಯುವರು. ಔಷಧ, ಶಸ್ತ್ರ, ಉಪಕರಣಗಳ ವಿಷಯವು ಅವುಗಳಿಂದ ತಿಳಿದುಬರುವುದು; ಆದರೆ ರೋಗಿಯು ವೈದ್ಯನ ಬಳಿಗೆ ಬರುವುದಕ್ಕೆ ಮುಂಚೆ ಕಳೆದ ಕಾಲವನ್ನು ಕುರಿತು ಅವು ಬಹುಮಟ್ಟಿಗೆ ಮೌನವಾಗಿರುತ್ತವೆ. ಸ್ತನಾರ್ಬುದದ ವಿಷಯದಲ್ಲಿ ಈ ಕಾಲವೇ ಜೀವನ್ಮರಣಗಳನ್ನು ನಿರ್ಣಯಿಸುವಂಥದು. ಅದನ್ನರಿಯಲು ಚರಿತ್ರಕಾರನೊಬ್ಬನ ಕಥನವೂ ಕಾದಂಬರಿಕಾರ್ತಿಯೊಬ್ಬಳ ಪತ್ರವೂ ನಮಗೆ ನೆರವಾಗುತ್ತವೆ. ಅವೆರಡನ್ನು ಮುಂದಿಟ್ಟುಕೊಂಡು, ಈ ರೋಗವನ್ನು ಮೊದಲಲ್ಲಿಯೇ ಗುರುತಿಸಬೇಕೆಂಬ ಭಾವನೆಯು ಹೇಗೆ ಬೆಳೆದುಬಂದಿತೆಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಕ್ರಿ. ಪೂ. ೫ನೆಯ ಶತಮಾನದ ಗ್ರೀಕ್ ಚರಿತ್ರಕಾರನಾದ ಹೆರೊಡೋಟಸನು ತನ್ನ ಗ್ರಂಥದ ಮೂರನೆಯ ಭಾಗದಲ್ಲಿ ಅಟೋಸ್ಸೆಯ ವೃತ್ತಾಂತವನ್ನು ಹೇಳಿರುವನು. ಈಕೆಯು ಪಾರಸಿಕ ಸಾಮ್ರಾಜ್ಯದ ಸ್ಥಾಪಕನಾದ ಸೈರಸನ ಮಗಳು, ಡೇರಿಯಸನ ರಾಣಿ. ಈಕೆಯ ಸ್ತನದಲ್ಲಿ ಗಂಟೊಂದು ಎದ್ದು, ಮುಂದೆ ಅದು ಒಡೆದು ಹರಡತೊಡಗಿತು. ಗಂಟು ಚಿಕ್ಕದಾಗಿರುವವರೆಗೆ ರಾಣಿಯು ನಾಚಿಕೆಯಿಂದ ಅದನ್ನು ಮರೆಮಾಡಿ ಯಾರಿಗೂ ತಿಳಿಸಲಿಲ್ಲವೆಂದೂ, ಸ್ಥಿತಿಯು ವಿಷಮವಾದ ಮೇಲೆಯೇ ಡೆಮೊಸಿಡೀಸನೆಂಬ ಗ್ರೀಕ್ ವೈದ್ಯನನ್ನು ಕರೆಯಿಸಿದಳೆಂದೂ ಹೆರೊಡೋಟಸನು ಬರೆದಿರುವನು. ವೈದ್ಯನು ಆಕೆಯನ್ನು ಗುಣಪಡಿಸಿ, ಅದಕ್ಕೆ ಪ್ರತಿಯಾಗಿ ತನ್ನ ನಾಡಿಗೆ ಹಿಂದಿರುಗುವ ಉಪಾಯವನ್ನು ಆಕೆಯ ಮೂಲಕ ಸಾಧಿಸಿಕೊಂಡನು. ಆ ಗಂಟು ಅರ್ಬುದವೋ ಕೇವಲ ಬಾವೋ ನಿರ್ಣಯಿಸುವಂತಿಲ್ಲ. ಮೂಲದ ಶಬ್ದವು ಎರಡಕ್ಕೂ ಒಪ್ಪುವುದು, ಗುಣವಾಯಿತೆಂಬ ಮಾತು ಬಾವಿನ ಪಕ್ಷವನ್ನೇ ಬಲಪಡಿಸುವುದು. ಆದರೆ ರೋಗದ ಹೆಸರು ಸಂದಿಗ್ಧವಾದರೂ ವಿಳಂಬದ ಕಾರಣವು ಸಂದಿಗ್ಧವಲ್ಲ. ಚಕ್ರವರ್ತಿಯ ರಾಣಿಗೂ ಲಜ್ಜೆಯು ವೈದ್ಯನಿಗೆ ಅಡ್ಡವಾಗಿ ನಿಂತಿತು.

ಇನ್ನು ಪ್ರಾಚೀನ ವೈದ್ಯರ ಮತವನ್ನು ನೋಡೋಣ. ನಾವು ಇಂದು ಬಳಸುವ ‘ಅರ್ಬುದ’ವೆಂಬ ಶಬ್ದವು ಸುಶ್ರುತಸಂಹಿತೆಯಲ್ಲಿದೆ. ದುಂಡಗೆ, ಅಲುಗದೆ, ಅಲ್ಪವಾದ ನೋವಿನಿಂದ ಕೂಡಿ, ನಿಧಾನವಾಗಿ ಬೆಳೆದು, ಕೀವಾಗದ ಮಾಂಸದ ಉಬ್ಬನ್ನು ನಿದಾನಸ್ಥಾನವು ಆ ಹೆಸರಿನಿಂದ ಕರೆಯುವುದು. ಶೇಷವನ್ನುಳಿಸಿ ಚಿಕಿತ್ಸೆಮಾಡಿದರೆ ಅರ್ಬುದವು ಬೇಗನೆ ಮರಳಿ ಹುಟ್ಟುವುದೆಂಬ ಎಚ್ಚರಿಕೆಯು ಚಿಕಿತ್ಸಾಸ್ಥಾನದಲ್ಲಿದೆ. ಸುಶ್ರುತನ ಅರ್ಬುದವೆಲ್ಲವೂ ಇಂದಿನ ಕ್ಯಾನ್ಸರ್ ಅಲ್ಲವಾದರೂ ಈ ಅವಲೋಕನದ ಸೂಕ್ಷ್ಮತೆಯು ಗಮನಾರ್ಹವಾದುದು. ಗ್ರೀಕರು ಈ ರೋಗಕ್ಕೆ ಏಡಿಯ ಹೆಸರನ್ನಿಟ್ಟರು. ಗಂಟಿನ ಸುತ್ತ ಉಬ್ಬಿದ ರಕ್ತನಾಳಗಳನ್ನು ಗೇಲನ್ ಏಡಿಯ ಕಾಲುಗಳಿಗೆ ಹೋಲಿಸಿದನು. ಕ್ರಿ. ಶ. ೨ನೆಯ ಶತಮಾನದ ಈ ವೈದ್ಯನ ಮತದಲ್ಲಿ ಕಪ್ಪು ಪಿತ್ತದ ಪ್ರಕೋಪವೇ ರೋಗದ ಮೂಲ. ಈ ಮತವು ಯೂರೋಪಿನಲ್ಲಿ ಸಾವಿರದೈನೂರು ವರ್ಷಗಳಷ್ಟು ಕಾಲ ಪ್ರಬಲವಾಗಿದ್ದಿತು. ದೋಷವು ಸರ್ವಶರೀರಗತವಾದರೆ ಗಂಟನ್ನು ಬೇಗ ಕಂಡುಹಿಡಿಯುವುದರಿಂದ ವಿಶೇಷ ಪ್ರಯೋಜನವಿರದು. ೧೮ನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯನಾದ ಲ ದ್ರಾನ್, ರೋಗವು ಮೊದಲು ಒಂದೇ ಸ್ಥಾನದಲ್ಲಿ ಹುಟ್ಟಿ ಆಮೇಲೆ ಕಂಕುಳಿನ ಗ್ರಂಥಿಗಳಿಗೆ ಹಬ್ಬುವುದೆಂದು ವಾದಿಸಿದನು. ಬೇಗನೆ ಗುರುತಿಸಬೇಕೆಂಬ ವಿಚಾರಕ್ಕೆ ಶಾಸ್ತ್ರೀಯವಾದ ಆಧಾರವು ದೊರೆತುದು ಇಲ್ಲಿ.

ಆದರೆ ಶಾಸ್ತ್ರವು ಬದಲಾದೊಡನೆ ಮನಸ್ಸು ಬದಲಾಗುವುದಿಲ್ಲವೆಂಬುದಕ್ಕೆ ಫ್ಯಾನಿ ಬರ್ನಿಯ ಪತ್ರವು ಸಾಕ್ಷಿ. ೧೭೭೮ರಲ್ಲಿ ‘ಈವ್ಲೀನಾ’ ಕಾದಂಬರಿಯಿಂದ ಪ್ರಖ್ಯಾತಳಾದ ಈ ಆಂಗ್ಲ ಲೇಖಕಿಯು ಫ್ರೆಂಚ್ ಸೇನಾನಿಯೊಬ್ಬನನ್ನು ಮದುವೆಯಾಗಿ ಪ್ಯಾರಿಸಿನಲ್ಲಿ ನೆಲಸಿದ್ದಳು. ೧೮೧೦ರ ಆಗಸ್ಟ್ ಹೊತ್ತಿಗೆ ಆಕೆಗೆ ಸ್ತನದಲ್ಲಿ ಸಣ್ಣ ನೋವು ತೋರಿ ವಾರವಾರಕ್ಕೆ ಹೆಚ್ಚುತ್ತ ಬಂದಿತು. ಪತಿಯೂ ಆಪ್ತಗೆಳತಿಯೂ ಒತ್ತಾಯಪಡಿಸಿದರೂ ಆಕೆಯು ಪರೀಕ್ಷೆಗೆ ಒಪ್ಪದೆ ತಿಂಗಳುಗಳನ್ನು ಕಳೆದಳು. ಕಡೆಗೆ ೧೮೧೧ರ ಸೆಪ್ಟೆಂಬರ್ ೩೦ರಂದು ನೆಪೋಲಿಯನ್ನನ ಸೇನೆಯ ಪ್ರಸಿದ್ಧ ಶಸ್ತ್ರವೈದ್ಯನಾದ ಲಾರೆಯು ಸ್ತನಚ್ಛೇದನವನ್ನು ಮಾಡಿದನು. ಈಥರಿನ ಅರಿವಳಿಕೆಯು ಲೋಕಪ್ರಸಿದ್ಧವಾದುದು ೧೮೪೬ರಲ್ಲಿ. ಬರ್ನಿಯ ಮುಖದ ಮೇಲೆ ಇದ್ದುದು ತೆಳುವಾದ ಕರವಸ್ತ್ರ ಮಾತ್ರ, ಅದರ ಮೂಲಕ ಶಸ್ತ್ರದ ಹೊಳಪು ಆಕೆಗೆ ಕಾಣುತ್ತಿದ್ದಿತು. ಮರುವರ್ಷ ತನ್ನ ಸೋದರಿ ಎಸ್ತರಳಿಗೆ ಇದನ್ನೆಲ್ಲ ಬರೆದಳು. ಬರೆದುದನ್ನು ಮರಳಿ ಓದುವ ಧೈರ್ಯವು ಆಕೆಗಾಗಲಿಲ್ಲ.

ಈ ಪತ್ರವನ್ನು ಸಾಹಿತ್ಯಾಭ್ಯಾಸಿಗಳು ಬಹುವಾಗಿ ಯಾತನೆಯ ವರ್ಣನೆಗಾಗಿ ಓದುವರು. ಅದಕ್ಕಿಂತ ಮುಖ್ಯವಾದ ಮಾತೊಂದು ಅದರ ಆರಂಭಭಾಗದಲ್ಲಿಯೇ ಇದೆ. ತಾನು ಪರೀಕ್ಷೆಯನ್ನು ಮುಂದೂಡಿದುದು ಹುಸಿಧೈರ್ಯವೆಂದೂ, ಅದನ್ನು ಈಗ ಹೇಳುತ್ತಿರುವುದು ಸೋದರಿಯರೂ ಅವರ ಹೆಣ್ಣುಮಕ್ಕಳೂ ಎಚ್ಚರಗೊಳ್ಳಲೆಂದೂ ಆಕೆಯು ಸ್ಪಷ್ಟಪಡಿಸಿರುವಳು. ಅಟೋಸ್ಸೆಯ ನಾಚಿಕೆಯನ್ನು ನಮಗೆ ಹೇಳಿದವನು ಪುರುಷನಾದ ಚರಿತ್ರಕಾರ. ಇಲ್ಲಿ ರೋಗವನ್ನು ಅನುಭವಿಸಿದವಳೇ ತನ್ನ ಮೌನವನ್ನು ಮುರಿದು, ತನ್ನ ಅನುಭವವನ್ನು ಇತರ ಸ್ತ್ರೀಯರ ರಕ್ಷಣೆಗಾಗಿ ವಿನಿಯೋಗಿಸಿದ್ದಾಳೆ. ಬರ್ನಿಯು ೧೮೪೦ರವರೆಗೆ ಬದುಕಿದಳು.

ಇಪ್ಪತ್ತನೆಯ ಶತಮಾನದಲ್ಲಿ ಕಣ್ಣಿಗೂ ಕೈಗೂ ನಿಲುಕದುದನ್ನು ಕಾಣುವ ಸಾಧನವು ದೊರೆಯಿತು. ೧೯೧೩ರಲ್ಲಿ ಬರ್ಲಿನ್ನಿನ ಸಾಲೊಮನ್, ಛೇದಿಸಿ ತೆಗೆದ ಸುಮಾರು ೩,೦೦೦ ಸ್ತನಗಳನ್ನು ಕ್ಷಕಿರಣಗಳಿಂದ ಪರೀಕ್ಷಿಸಿದನು. ೧೯೬೩ರಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು ೬೨,೦೦೦ ಸ್ತ್ರೀಯರನ್ನೊಳಗೊಂಡ ಪ್ರಯೋಗವು ಆರಂಭವಾಗಿ, ಕ್ಷಕಿರಣಚಿತ್ರ ಮತ್ತು ವೈದ್ಯಪರೀಕ್ಷೆಗಳಿಗೆ ಕರೆಯಲ್ಪಟ್ಟವರ ಗುಂಪಿನಲ್ಲಿ ಈ ರೋಗದ ಮರಣಗಳು ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾದುದು ಕಂಡುಬಂದಿತು.

ಆದರೆ ಈ ಯಂತ್ರವು ಎಲ್ಲ ದೇಶಗಳ ಎಲ್ಲ ಗ್ರಾಮಗಳಿಗೂ ಎಟುಕುವಂಥದಲ್ಲ. ಆದುದರಿಂದ ಸುಲಭೋಪಾಯಗಳನ್ನೂ ಪರೀಕ್ಷೆಗೊಡ್ಡಲಾಯಿತು. ಶಾಂಘೈ ನಗರದ ೨,೬೬,೦೬೪ ಕಾರ್ಖಾನೆ ಕೆಲಸಗಾರ್ತಿಯರ ಅಧ್ಯಯನದ ಫಲಿತಾಂಶವು ೨೦೦೨ರಲ್ಲಿ ಪ್ರಕಟವಾಯಿತು. ಸ್ವಪರೀಕ್ಷೆಯ ಕ್ರಮವನ್ನು ಕಲಿಸಿದುದರಿಂದ ಮಾತ್ರವೇ ಮರಣಗಳು ತಗ್ಗಲಿಲ್ಲ. ಮುಂಬಯಿಯಲ್ಲಿ ೧೯೯೮ರಲ್ಲಿ ತೊಡಗಿದ, ೧,೫೧,೫೩೮ ಸ್ತ್ರೀಯರ ಅಧ್ಯಯನದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಗಳಿಗೊಮ್ಮೆ ಕೈಯಿಂದ ಪರೀಕ್ಷಿಸಿದರು. ೨೦೨೧ರ ವರದಿಯಂತೆ ರೋಗವು ಮುಂಚಿನ ಹಂತದಲ್ಲಿಯೇ ಗೋಚರವಾಯಿತು; ಐವತ್ತು ದಾಟಿದವರಲ್ಲಿ ಮರಣಗಳು ನೂರಕ್ಕೆ ಸುಮಾರು ಮೂವತ್ತರಷ್ಟು ಇಳಿದವು, ಕಿರಿಯರಲ್ಲಿ ಇಳಿಯಲಿಲ್ಲ. ಭಾರತ ಸರಕಾರವು ೨೦೧೬ರಲ್ಲಿ ರೂಪಿಸಿದ ಕ್ರಮದಲ್ಲಿ ೩೦ರಿಂದ ೬೫ ವರ್ಷದ ಸ್ತ್ರೀಯರಿಗೆ ಐದು ವರ್ಷಗಳಿಗೊಮ್ಮೆ ಇಂಥ ಪರೀಕ್ಷೆಯು ವಿಹಿತವಾಗಿದೆ.

ಶಾಂಘೈಯ ಫಲಿತಾಂಶದಿಂದ ಸ್ತ್ರೀಯು ತನ್ನ ದೇಹವನ್ನು ಗಮನಿಸುವುದು ವ್ಯರ್ಥವೆಂದು ತೀರ್ಮಾನಿಸಲಾಗದು. ಹೊಸದಾಗಿ ತೋರಿದ ಗಂಟು, ಕಂಕುಳಿನ ಉಬ್ಬು, ಗುಳಿಬಿದ್ದ ಚರ್ಮ, ಒಳಕ್ಕೆ ಸೆಳೆದ ತೊಟ್ಟು, ಅದರಿಂದ ಸ್ರವಿಸುವ ರಕ್ತ: ಇವುಗಳಲ್ಲಿ ಯಾವುದೊಂದು ಕಂಡರೂ ವೈದ್ಯರಿಗೆ ಕೂಡಲೆ ತಿಳಿಸಬೇಕಾದುದು ನಿರ್ವಿವಾದ. ಗಂಟುಗಳಲ್ಲಿ ಹೆಚ್ಚಿನವು ಅರ್ಬುದವಲ್ಲ. ಆದರೆ ಅರ್ಬುದವು ಬಹುಸಲ ನೋವಿಲ್ಲದೆಯೇ ಬರುವುದರಿಂದ, ನೋವಿಲ್ಲವೆಂದು ನಿಶ್ಚಿಂತರಾಗಿರುವುದು ಅಪಾಯಕರ. ಅಟೋಸ್ಸೆಗೆ ರಾಜವೈದ್ಯರ ಕೊರತೆಯಿರಲಿಲ್ಲ, ಬರ್ನಿಗೆ ವಿದ್ಯೆಯ ಕೊರತೆಯಿರಲಿಲ್ಲ. ಇಬ್ಬರಿಗೂ ಕಠಿನವಾದುದು ಮೊದಲ ಮಾತನ್ನು ಆಡುವುದು. ಆ ಮಾತನ್ನು ಆಡಬಹುದೆಂಬ ಧೈರ್ಯವನ್ನು ಮನೆಯಲ್ಲಿಯೂ ಪಾಠಶಾಲೆಯಲ್ಲಿಯೂ ಉಂಟುಮಾಡುವ ಕಾರ್ಯವು ವೈದ್ಯರಿಗೆ ಮಾತ್ರ ಸೇರಿದುದಲ್ಲ. ಬರ್ನಿಯ ಪತ್ರದಂಥ ಲೇಖಗಳನ್ನು ಓದಿಸುವ ಅಧ್ಯಾಪಕರಿಗೂ ಅದು ಸೇರಿದೆ.