ಕೈಚೀಲ: ಬಟ್ಟೆಯದು ಮತ್ತು ಪ್ಲಾಸ್ಟಿಕ್‌ನದು

ಸಾಮಾನು ತರುವ ಚೀಲದ ಪರಿಸರ ಹೊರೆಯನ್ನು ತಯಾರಿಕೆಯಿಂದ ವಿಲೇವಾರಿಯವರೆಗೆ ಅಳೆಯುವ ಕ್ರಮವೇ ಜೀವನಚಕ್ರ ವಿಶ್ಲೇಷಣೆ. ತೆಳು ಪ್ಲಾಸ್ಟಿಕ್ ಚೀಲದ ತೂಕ ಕೆಲವೇ ಗ್ರಾಂ. ಹತ್ತಿಚೀಲದ ಹಿಂದೆ ನೀರು, ಗೊಬ್ಬರ, ಕೀಟನಾಶಕ, ನೂಲಿ ನೇಯುವ ವಿದ್ಯುತ್ತು ಇವೆ. ಬ್ರಿಟನ್ನಿನ ಪರಿಸರ ಸಂಸ್ಥೆಯ 2011ರ ಅಧ್ಯಯನದಂತೆ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲಕ್ಕಿಂತ ಹವಾಮಾನಕ್ಕೆ ಹಗುರವಾಗಲು ಹತ್ತಿಚೀಲವನ್ನು 131 ಸಲ ಬಳಸಬೇಕು. ಆದರೆ ಚರಂಡಿ ಕಟ್ಟುವ, ದನಗಳ ಹೊಟ್ಟೆ ಸೇರುವ ಕಸ ಆ ಲೆಕ್ಕದಲ್ಲಿಲ್ಲ. ಕಸ ಸಂಗ್ರಹ ಸಡಿಲವಾಗಿರುವ ನಮ್ಮ ಊರುಗಳ ಮಟ್ಟಿಗೆ ಇದು ದೊಡ್ಡ ಕೊರತೆ. 2016ರಲ್ಲಿ ಕರ್ನಾಟಕ ಪ್ಲಾಸ್ಟಿಕ್ ಚೀಲ ನಿಷೇಧಿಸಿದ್ದು ಸರಿಯಾಗಿಯೇ ಇದೆ. ಹಳೆಯ ಪಂಚೆ, ಸೀರೆಯಿಂದ ಹೊಲಿದ ಚೀಲಕ್ಕೆ ಹೊಸ ಹತ್ತಿ ಬೆಳೆಯುವ ಹೊರೆಯೇ ಇಲ್ಲ. ಮದುವೆಗಳಲ್ಲಿ ತೆಂಗಿನಕಾಯಿ ಹಾಕಿಕೊಡುವ ತಾಂಬೂಲದ ಚೀಲಗಳ ವಿಷಯ ಬೇರೆ: ತೀರ ಸಣ್ಣವಾದ್ದರಿಂದ ಅವುಗಳಲ್ಲಿ ಹಲವು ತರಕಾರಿ ತರಲೂ ಬಾರದೆ ಮೂಲೆ ಸೇರುತ್ತವೆ.