ಗಡಿಯಾರದ ಚಿಪ್ಪು, ವೇಷ ಬದಲಿಸುವ ಚಿಪ್ಪು

ತುಮಕೂರು, ಶೆಟ್ಟಿಹಳ್ಳಿ ಕಡೆಯವರ ಹತ್ತಿರ ಚಿಪ್ಪಿನ ಇತಿಹಾಸ ಹೇಳಬೇಕಾದರೆ ನಾನು ಶುರು ಮಾಡುವುದು ಎಚ್‌ಎಂಟಿಯಿಂದ. 1978ರಲ್ಲಿ ತುಮಕೂರಿಗೆ ಕೈಗಡಿಯಾರದ ಕಾರ್ಖಾನೆ ಬಂತು. ಮುಂದೆ ಅದರ ಒಂದು ಭಾಗ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಕ್ವಾರ್ಟ್ಜ್ ಗಡಿಯಾರಕ್ಕೆ ತಿರುಗಿತು.

ಕ್ವಾರ್ಟ್ಜ್ ಗಡಿಯಾರದೊಳಗಿನ ಪುಟಾಣಿ ಚಿಪ್ಪಿನ ಕೆಲಸ ನೋಡಿ. ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತಿರಬೇಕು. ಇದು ಅನಲಾಗ್. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಬಂದು ಸೆಕೆಂಡಿಗೆ ಒಂದು ಮಿಡಿತಕ್ಕೆ ಇಳಿಸಬೇಕು. ಇದು ಡಿಜಿಟಲ್. ಎರಡೂ ಒಂದೇ ಸಿಲಿಕಾನ್ ಚೂರಿನಲ್ಲಿ! ಮಿಕ್ಸೆಡ್ ಸಿಗ್ನಲ್ ಅಂದರೆ ಇದೇ. ಆದರೆ ಆ ಚಿಪ್ಪಿಗೆ ಬೇರೆ ಕೆಲಸ ಬರದು. ಲಕ್ಷಗಟ್ಟಲೆ ಮಾರುವವರಿಗೆ ಮಾತ್ರ ಇಂಥದ್ದನ್ನು ಮಾಡಿಸುವುದು ಗಿಟ್ಟುತ್ತಿತ್ತು.

ನೂರಿನ್ನೂರು ತೂಕದ ಯಂತ್ರ ಮಾಡಿ ಮಾರುವವನ ಪಾಡು? ಒಂದು 8051 ಮೈಕ್ರೋಕಂಟ್ರೋಲರ್, ಪಕ್ಕದಲ್ಲಿ ಆಪ್-ಆಂಪ್‌ಗಳು, ಅನಲಾಗನ್ನು ಅಂಕಿಯಾಗಿಸುವ ಇನ್ನೊಂದು ಚಿಪ್ಪು. ಲೆಕ್ಕ ತಪ್ಪಿದರೆ ಬೆಸುಗೆ ಬಿಚ್ಚು, ಇಲ್ಲವೇ ಬೋರ್ಡೇ ಮತ್ತೆ ಮಾಡಿಸು.

ಡಿಜಿಟಲ್ ಕಡೆ ಈ ತಲೆನೋವಿಗೆ 1985ರಲ್ಲೇ ಝೈಲಿಂಕ್ಸ್‌ನ ಎಫ್‌ಪಿಜಿಎ ಬಂದಿತ್ತು. ಅನಲಾಗ್ ಮಾತ್ರ ಬಗ್ಗಲಿಲ್ಲ. ಮೊಟೊರೊಲಾ 1990ರ ದಶಕದ ಕೊನೆಗೆ ಕೈಹಾಕಿ ಬಿಟ್ಟಿತು. ಬೆಂಗಳೂರಿನಲ್ಲೂ ವಿನ್ಯಾಸ ಕೇಂದ್ರವಿದ್ದ ಅಮೆರಿಕದ ಸೈಪ್ರೆಸ್ ಕಂಪನಿ 2002ರ ಹೊತ್ತಿಗೆ ಮಾರುಕಟ್ಟೆಗೆ ತಂದ 'ಪಿಸಾಕ್' ಗೆದ್ದಿತು. (ಹೆಸರು ಕೇಳಿದರೆ 'ಇಷ್ಟು ಸಾಕ್' ಅಂದ ಹಾಗೆ ಇರುತ್ತೆ!)

ಅದರ ಸಿವೈ8ಸಿ27443 ಎಂಬ ಚಿಪ್ಪಿನಲ್ಲಿ 8 ಡಿಜಿಟಲ್, 12 ಅನಲಾಗ್ ಬ್ಲಾಕುಗಳು, ಜೊತೆಗೊಂದು 8 ಬಿಟ್ ಪ್ರೊಸೆಸರ್. ಗುಟ್ಟು ಇರುವುದು ಕೆಪಾಸಿಟರ್‌ನಲ್ಲಿ. ಪುಟ್ಟ ಕೆಪಾಸಿಟರನ್ನು ಸ್ವಿಚ್‌ಗಳಿಂದ ಪಟಪಟನೆ ತುಂಬಿಸಿ ಖಾಲಿ ಮಾಡುತ್ತಿದ್ದರೆ ಅದು ರೆಸಿಸ್ಟರ್‌ನಂತೆ ವರ್ತಿಸುತ್ತದೆ. ಯಾವ ಸ್ವಿಚ್, ಎಷ್ಟು ವೇಗ ಅನ್ನುವುದು ಸಾಫ್ಟ್‌ವೇರ್ ಕೈಯಲ್ಲಿ. ಹೀಗಾಗಿ ಅದೇ ಬ್ಲಾಕು ಒಮ್ಮೆ ಫಿಲ್ಟರ್, ಇನ್ನೊಮ್ಮೆ ಆಂಪ್ಲಿಫೈಯರ್. ಅದೂ ಚಿಪ್ಪು ಓಡುತ್ತಿರುವಾಗಲೇ! ಡೈರಿಯ ಪೆಟ್ಟಿಗೆಯೊಂದು ಬೆಳಿಗ್ಗೆ ಹಾಲು ತೂಗಿ, ಆಮೇಲೆ ಅವೇ ಬ್ಲಾಕುಗಳನ್ನು ಮೋಡೆಮ್ ಆಗಿ ಜೋಡಿಸಿಕೊಂಡು ಲೆಕ್ಕ ಕಳಿಸುವ ಹಾಗೆ ಮಾಡಬಹುದು. ಚಿಪ್ಪು ಏನಾಗಬೇಕು ಅನ್ನುವ ತೀರ್ಮಾನ ಕಾರ್ಖಾನೆಯಿಂದ ಸಣ್ಣ ವಿನ್ಯಾಸಕಾರನ ಮೇಜಿಗೆ ಬಂತು. ನನಗೆ ಇದೇ ದೊಡ್ಡ ಸಂಗತಿ.

ನಿಖರತೆಯಲ್ಲಿ ಒಳ್ಳೆಯ ಬಿಡಿ ಆಪ್-ಆಂಪ್‌ಗೆ ಇದು ಸಾಟಿಯಲ್ಲ. ತಮಾಷೆಯೆಂದರೆ ಏನು ಬೇಕಾದರೂ ಆಗಬಲ್ಲ ಈ ಚಿಪ್ಪು ಹೆಸರು ಮಾಡಿದ್ದು ಬೆರಳು ಮುಟ್ಟಿದ್ದನ್ನು ಗುರುತಿಸುವುದರಲ್ಲಿ. ಆ್ಯಪಲ್‌ನ ಐಪಾಡ್ ಚಕ್ರದಲ್ಲೂ ಇತ್ತು.

ಇನ್ನೊಂದು ಮುಖವೂ ಇದೆ. 741 ಆಪ್-ಆಂಪನ್ನು ಹತ್ತಾರು ಕಂಪನಿಗಳು ಮಾಡಿದವು, ಪಿಸಾಕ್ ಮಾಡಿದ್ದು ಒಂದೇ. ಅದನ್ನು 2020ರ ಏಪ್ರಿಲ್‌ನಲ್ಲಿ ಜರ್ಮನಿಯ ಇನ್ಫಿನಿಯಾನ್ ಕೊಂಡಿತು. ಇತ್ತ ಎಚ್‌ಎಂಟಿ ವಾಚಸ್ ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿತ್ತು, ತುಮಕೂರಿನ ಜಾಗ ಇಸ್ರೋ ಪಾಲಾಯಿತು. ಆದರೂ ಕೀ ಕೊಡುವ ಎಚ್‌ಎಂಟಿ ಕೆಟ್ಟರೆ ರಿಪೇರಿಯವರು ಇನ್ನೊಂದು ಹಳೇ ಗಡಿಯಾರದ ಭಾಗ ತೆಗೆದು ಹಾಕಿ ಓಡಿಸಿಬಿಡುತ್ತಾರೆ. ಪಿಸಾಕ್ ಇರುವ ತೂಕದ ಯಂತ್ರ ಕೆಟ್ಟರೆ ಹೊಸ ಚಿಪ್ಪು ಸಿಕ್ಕಿದರೂ ಸಾಲದು, ಅದರೊಳಗಿದ್ದ ಪ್ರೋಗ್ರಾಮ್ ಯಾರ ಕಂಪ್ಯೂಟರಿನಲ್ಲಿದೆ ಅಂತ ಹುಡುಕಬೇಕು.