ಕಡಲಾಚೆಯ ಕೂಲಿ

ಮನುವು ಎಣಿಸಿರುವ ಹದಿನೆಂಟು ವ್ಯವಹಾರಪದಗಳಲ್ಲಿ ಕೂಲಿಯನ್ನು ಕೊಡದಿರುವುದೂ ಒಂದು. ಕೌಟಿಲ್ಯನು ದಾಸರನ್ನೂ ಕರ್ಮಕರರನ್ನೂ ಕುರಿತು ಒಂದು ಪ್ರಕರಣವನ್ನೇ ಬರೆದಿಟ್ಟಿದ್ದಾನೆ. ಈ ಶಾಸ್ತ್ರಗಳು ಹೇಳದೆಯೇ ಒಪ್ಪಿಕೊಂಡಿರುವ ಸಂಗತಿಯೊಂದುಂಟು: ಒಡೆಯನಿಗೂ ಆಳಿಗೂ ಒಬ್ಬನೇ ಅರಸು, ಒಂದೇ ಧರ್ಮಾಸನ. ಮಾಡಿಸುವವನು ಒಂದು ರಾಜ್ಯದಲ್ಲಿಯೂ ಮಾಡುವವಳು ಇನ್ನೊಂದರಲ್ಲಿಯೂ ಇದ್ದರೆ ನ್ಯಾಯವನ್ನು ಯಾರ ಬಾಗಿಲಲ್ಲಿ ಕೇಳಬೇಕು? ಸಮುದ್ರಯಾನದ ಬಡ್ಡಿಯನ್ನು ಬಲ್ಲ ಮನುವೂ ಇದನ್ನು ಊಹಿಸಿದಂತೆ ತೋರುವುದಿಲ್ಲ. ಉಡುಪು ಹೊಲಿಯುವ ಉದ್ಯಮದ ಚರಿತ್ರೆಯಲ್ಲಿ ಈ ಪ್ರಶ್ನೆಯು ಎದ್ದು ಕಾಣುತ್ತದೆ.

1911ನೆಯ ಇಸವಿ ಮಾರ್ಚಿ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಮಡಿದರು. ಬಹುಮಂದಿ ವಲಸೆ ಬಂದ ಎಳೆಯ ಹೆಂಗಸರು. ಮಾಲೀಕರು ಶಿಕ್ಷೆಯಿಲ್ಲದೆ ಪಾರಾದುದು ನಿಜ. ಆದರೆ ಊರಿನ ಜನ ಕಣ್ಣಾರೆ ಕಂಡಿದ್ದರು. ಅದೇ ವರ್ಷ ವಿಚಾರಣಾ ಮಂಡಲಿಯು ನೇಮಕವಾಗಿ, ಕಾರ್ಖಾನೆಗಳ ಕಾನೂನುಗಳು ಹಲವು ಹುಟ್ಟಿದವು.

ಕಾಲಕ್ರಮದಲ್ಲಿ ಹೊಲಿಗೆಯ ಕೆಲಸವು ಅಗ್ಗದ ಕೂಲಿಯನ್ನರಸಿ ಕಡಲು ದಾಟಿತು. 1974ರಲ್ಲಿ ಶ್ರೀಮಂತ ರಾಷ್ಟ್ರಗಳು ಉಡುಪಿನ ಆಮದಿಗೆ ದೇಶದೇಶಕ್ಕೂ ಮಿತಿ ಕಟ್ಟಿದುದರಿಂದ, ಕೊರಿಯದ ವರ್ತಕರು ಮಿತಿಯಿಲ್ಲದ ನೆಲವನ್ನು ಹುಡುಕುತ್ತ ಬಾಂಗ್ಲಾದೇಶವನ್ನು ಕಂಡುಕೊಂಡರು. ಡೇವೂ ಸಂಸ್ಥೆಯು 1979ರಲ್ಲಿ ದೇಶ್ ಗಾರ್ಮೆಂಟ್ಸಿನ ನೂರಕ್ಕೆ ಮೇಲ್ಪಟ್ಟ ಕೆಲಸಗಾರರಿಗೆ ಕೊರಿಯದಲ್ಲಿ ಕಸುಬು ಕಲಿಸಿತು. ಕಲಿತವರಲ್ಲಿ ಅನೇಕರು ಮುಂದೆ ತಾವೇ ಕಾರ್ಖಾನೆ ಕಟ್ಟಿದರು. ಇದನ್ನು ಕೇಡೆಂದು ಹೇಳಲಾರೆ. ಎಷ್ಟೋ ಹಳ್ಳಿಯ ಹೆಂಗಸರ ಕೈಗೆ ಸ್ವಂತ ಸಂಪಾದನೆ ಬಂದುದು ಈ ಹೊರಗುತ್ತಿಗೆಯಿಂದಲೇ.

ಆದರೆ ಕೆಲಸದೊಡನೆ ಹೊಣೆಯು ಪಯಣ ಮಾಡಲಿಲ್ಲ. ಢಾಕಾ ಬಳಿಯ ಸಾವಾರಿನಲ್ಲಿ ರಾಣಾ ಪ್ಲಾಜಾ ಎಂಬ ಎಂಟಂತಸ್ತಿನ ಕಟ್ಟಡವಿತ್ತು. ಮೇಲಿನ ಅಂತಸ್ತುಗಳಿಗೆ ಅನುಮತಿಯೇ ಇರಲಿಲ್ಲ. 2013ರ ಏಪ್ರಿಲ್ 23ರಂದು ಅದರಲ್ಲಿ ಬಿರುಕು ಕಂಡಿತು. ಮರುದಿನ ಅದೇ ಕಟ್ಟಡದ ಬ್ಯಾಂಕು ತನ್ನ ನೌಕರರನ್ನು ಬರಗೊಡಲಿಲ್ಲ. ಹೊಲಿಯುವವರನ್ನು ಮಾತ್ರ ಒಳಕ್ಕೆ ಕರೆದರು. ಬಾರದಿದ್ದರೆ ತಿಂಗಳ ಸಂಬಳ ಸಿಕ್ಕದೆಂದು ಬೆದರಿಸಿದರೆಂಬುದು ಬದುಕಿ ಉಳಿದವರ ಮಾತು. ಬೆಳಿಗ್ಗೆ ಒಂಬತ್ತು ಗಂಟೆಯೊಳಗೆ ಕಟ್ಟಡವು ಕುಸಿದು 1,134 ಮಂದಿ ಸತ್ತರು. ಕೊಡದ ಕೂಲಿಯನ್ನು ಸ್ಮೃತಿಕಾರನು ಏಕೆ ವ್ಯವಹಾರಪದವಾಗಿ ಎಣಿಸಿದನೆಂಬುದು ಇಲ್ಲಿ ತಿಳಿಯುತ್ತದೆ.

ಆ ಉಡುಪುಗಳನ್ನು ತರಿಸುತ್ತಿದ್ದ ಯೂರೋಪು, ಅಮೆರಿಕಗಳ ಮಳಿಗೆಗಳಲ್ಲಿ ಕೆಲವು, ತಮ್ಮ ಕೆಲಸವು ತಮಗೆ ತಿಳಿಯದೆ ಒಳಗುತ್ತಿಗೆಯವರಿಗೆ ಹೋಗಿತ್ತೆಂದವು. ಪರಿಹಾರಕ್ಕಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ನಿಧಿಯೊಂದು ಏರ್ಪಟ್ಟಿತು. ಗೊತ್ತುಮಾಡಿದ 3 ಕೋಟಿ ಡಾಲರು ಕೂಡುವುದಕ್ಕೆ 2015ರ ಜೂನ್ ತಿಂಗಳಾಯಿತು. ಅದರಲ್ಲಿ ಹಣ ಹಾಕುವುದು ಅವರವರ ಇಚ್ಛೆ. ನನಗೆ ಸಮ್ಮತವಾಗದುದು ಇದೇ. ದಾನವು ಕೊಡುವವನ ಮನಸ್ಸಿಗೆ ಸೇರಿದುದು, ಋಣವು ಹಾಗಲ್ಲ. ತಮ್ಮ ಬಟ್ಟೆ ಹೊಲಿಯುತ್ತ ಸತ್ತವಳ ಮಕ್ಕಳಿಗೆ ಸಲ್ಲಬೇಕಾದುದು ಋಣ. ಅದಕ್ಕೆ ದಾನದ ವೇಷ ತೊಡಿಸಿದರೆ ಪಡೆಯುವವರು ಯಾಚಕರಾಗುವರು.

ಇದನ್ನು ಅರಿತವರಂತೆ ಕಾರ್ಮಿಕ ಸಂಘಗಳು 2013ರ ಮೇ ತಿಂಗಳಲ್ಲಿಯೇ ಒಂದು ಒಪ್ಪಂದವನ್ನು ರಚಿಸಿದ್ದವು. ಅಗ್ನಿಭಯ, ಕಟ್ಟಡಭಯಗಳ ನಿವಾರಣೆಗೆ ಕೊಳ್ಳುವವರೂ ಬದ್ಧರು. ತಪ್ಪಿದರೆ ಮಧ್ಯಸ್ಥರ ತೀರ್ಪಿಗೆ ಒಳಪಡಬೇಕು. ಇನ್ನೂರಕ್ಕೂ ಹೆಚ್ಚು ಸಂಸ್ಥೆಗಳು ರುಜು ಹಾಕಿದವು. ಅಮೆರಿಕದ ವಾಲ್‌ಮಾರ್ಟ್, ಗ್ಯಾಪ್ ಹಾಕದೆ ಬೇರೆ ಕೂಟ ಕಟ್ಟಿಕೊಂಡವು. 2016ರಲ್ಲಿ ಸಂಘಗಳು ಎರಡು ಸಂಸ್ಥೆಗಳ ಮೇಲೆ ಹೇಗಿನ ಶಾಶ್ವತ ಮಧ್ಯಸ್ಥ ನ್ಯಾಯಾಲಯದ ಮುಂದೆ ದೂರಿತ್ತವು. ಇಬ್ಬರೂ ರಾಜಿಗೆ ಬಂದರು. ಅವರಲ್ಲೊಬ್ಬರು 2018ರ ಜನವರಿಯಲ್ಲಿ 23 ಲಕ್ಷ ಡಾಲರು ಕೊಡಲೊಪ್ಪಿದರು. ಅದರ ಬಹುಪಾಲು ನೂರೈವತ್ತಕ್ಕೂ ಹೆಚ್ಚು ಕಾರ್ಖಾನೆಗಳ ದುರಸ್ತಿಗೆ ಮೀಸಲಾಯಿತು. ಕೊಟ್ಟವರ ಹೆಸರನ್ನು ಮಾತ್ರ ಪ್ರಕಟಪಡಿಸಲಿಲ್ಲ.